ಕೈ ಬದಲಿಸಿದ ಅರ್ಜಿ

ತೊರಗಲ್ಲಿನ ಪ್ರಜ್ಞಾಳ ಖಡಕ್ ರೊಟ್ಟಿಗೆ ರಾಮದುರ್ಗದ ಖಾನಾವಳಿಗಳಲ್ಲಿ ಒಳ್ಳೆಯ ಹೆಸರಿತ್ತು. ಎರಡೇ ಕೈಯಲ್ಲಿ ಬಡಿದು ಪೂರೈಸಲಾಗದೆ, ರೊಟ್ಟಿ ಮಷೀನಿಗೆಂದು ಅವಳು ಸಣ್ಣ ಸಾಲಕ್ಕೆ ಅರ್ಜಿ ಹಾಕಿದಳು. ವಿಚಾರಿಸಲು ಬಂದವನು ಸಾಲದ ಸಂಸ್ಥೆಯ ಫೀಲ್ಡ್ ಆಫೀಸರ್ ಗೌರೀಶ.

ಒಂದು ಭೇಟಿಯಲ್ಲಿ ಮುಗಿಯುವ ಕೆಲಸಕ್ಕೆ ಅವನು ಮೂರು ಸಲ ಬಂದ. ಕೇಳಿದ್ದನ್ನೇ ಕೇಳಿದ. ಅವಳು ತಲೆ ಎತ್ತಿದರೆ ಥಟ್ಟನೆ ಕಾಗದ ನೋಡುತ್ತಿದ್ದ. ಮೂರನೆಯ ಸಲಕ್ಕೆ ಪ್ರಜ್ಞಾ ನೀಲಿ ಸೀರೆ ಉಟ್ಟು, ಚಹಾ ಮಾಡಿಟ್ಟಿದ್ದಳು. ಅವನು ಕುಡಿಯಲಿಲ್ಲ. ಗೋಡೆಯ ಮೇಲಿನ ಬುದ್ಧನ ಪಟವನ್ನೊಮ್ಮೆ ನೋಡಿ, ಅವಸರದಲ್ಲಿ ಬೈಕ್ ಹತ್ತಿದ.

ಮರುವಾರ ಶೈಲಜಾ ಎಂಬ ಆಫೀಸರ್ ಬಂದರು. ಈ ಅರ್ಜಿ ತನಗೆ ಬೇಡವೆಂದು ಗೌರೀಶನೇ ಬರೆದುಕೊಟ್ಟಿದ್ದನಂತೆ.

ಅಂದಿನಿಂದ ಪ್ರಜ್ಞಾಳಿಗೆ ಕುಂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ರೊಟ್ಟಿ ಹಂಚಿನ ಮೇಲೇ ಕರಕಾಗುತ್ತಿತ್ತು. ಅವನ ಮೇಲಿನ ಸಿಟ್ಟಿಗಿಂತ, ಅವನಿಗಾಗಿ ಸೀರೆ ಆರಿಸಿ ಉಟ್ಟ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಹದಿನೈದು ದಿನ ತಡೆದಳು. ಕೊನೆಗೊಂದು ಮಧ್ಯಾಹ್ನ, ಖಾನಾವಳಿಗೆ ರೊಟ್ಟಿ ಮುಟ್ಟಿಸಿ ನೇರ ಅವನ ಆಫೀಸಿನ ಮುಂದೆ ನಿಂತಳು.

ಗೌರೀಶ ಹೊರಗೆ ಬಂದ. ಸೊರಗಿದ್ದ.

"ನಮ್ಮನಿ ಚಹಾ ಯಾಕ ಕುಡೀಲಿಲ್ರಿ? ಪಟ ನೋಡಿ ನಮ್ಮ ಜಾತಿ ತಿಳಕೊಂಡ್ರಿ, ಎದ್ದು ಹೋದ್ರಿ. ಖರೇ ಹೇಳ್ರಿ."

ಅವನ ಮುಖ ಬಿಳಿಚಿತು. ಅರ್ಜಿ ಹಾಕಿದವರ ಮನೆಯಲ್ಲಿ ನೀರು ಬಿಟ್ಟು ಏನೂ ಮುಟ್ಟಬಾರದೆಂಬ ನಿಯಮವನ್ನು ತಡವರಿಸುತ್ತ ಹೇಳಿದ. ಅಂದು ಅವಳ ಮುಖ ನೋಡಲು ಧೈರ್ಯವಾಗದೆ ಕಣ್ಣು ಗೋಡೆಯತ್ತ ಹೋಗಿತ್ತಂತೆ.

"ಮತ್ತ ಅರ್ಜಿ?"

"ನಿಮ್ಮ ಧಂದೆ ನೋಡಿ ಬಾ ಅಂತ ಕಳಿಸಿದ್ರು. ನಾ ನಿಮ್ಮನ್ನ ನೋಡಕೋತ ಕುಂತೆ. ಅಂಥಾವ ರಿಪೋರ್ಟ್ ಹೆಂಗ ಬರೀಲಿ? ನಾಳೆ ಯಾರೂ ನಿಮ್ಮ ಬಗ್ಗೆ ಕೆಟ್ಟ ಮಾತಾಡಬಾರದಲ್ರಿ."

ಪ್ರಜ್ಞಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಸಾಲ ಮುಂಜಾನೆನ ಮಂಜೂರಾತ್ರಿ," ಎಂದಳು. "ಅದಕ್ಕಲ್ಲ ನಾ ಬಂದದ್ದು."

ಅವನ ತುಟಿಯಂಚಿನಲ್ಲಿ ನಗು ಮೂಡುವಷ್ಟರಲ್ಲಿ ಅವಳು ತಡೆದಳು. "ಮನ್ಯಾಗ ಹೇಳೀರೇನು? ನಾವು ಯಾರು ಅಂತ?"

ಹೇಳಿರಲಿಲ್ಲ. ಅಲ್ಲೇ, ಅವಳೆದುರೇ, ಸಿರಸಂಗಿಯಲ್ಲಿದ್ದ ತಾಯಿ ಸಿದ್ದಲಿಂಗವ್ವನಿಗೆ ಫೋನ್ ಹಚ್ಚಿ, ಮದುವೆಯಾದರೆ ಇವಳನ್ನೇ ಎಂದ. ಹುಡುಗಿಯ ಹೆಸರು, ಊರು, ಜಾತಿ, ಒಂದನ್ನೂ ಮುಚ್ಚಿಡಲಿಲ್ಲ. ಆಮೇಲೆ ಬಹಳ ಹೊತ್ತು ತಾಯಿಯ ಬೈಗುಳ ಕೇಳಿಸಿಕೊಂಡ. "ನಾ ಗಟ್ಟಿ ಅದೇನಿ ಬೇ," ಎಂದ. ಆ ಕಡೆಯ ದನಿ ಇನ್ನೂ ಏರಿತು.

ಪ್ರಜ್ಞಾ ಹೊರಟುಬಿಡೋಣವೆಂದು ತಿರುಗಿದಾಗ ಅವನು ಫೋನ್ ಮುಂದೆ ಚಾಚಿದ.

ಆ ಕಡೆಯ ದನಿಯಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ. "ಇವಂದು ಕೇಳಿದೆ. ನೀ ಒಪ್ಪೀಯೇನವಾ?"

ಪ್ರಜ್ಞಾ ಗೌರೀಶನ ಮುಖವನ್ನು ನೆಟ್ಟಗೆ ನೋಡಿದಳು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ.

"ಒಪ್ಪೀನ್ರಿ," ಎಂದಳು.