ನಿಮ್ಮ ಅಡುಗೆಯವರು ಏನು ತಿಂತಾರೆ?

ಒಂದು ಮೂಟೆ ಈರುಳ್ಳಿಗೆ ಹನ್ನೆರಡು ಪೌಂಡ್. ಎಣ್ಣೆಯ ದೊಡ್ಡ ಡಬ್ಬಕ್ಕೆ ಮೂವತ್ತೆರಡು. ಕುರಿಮಾಂಸದ ಬೆಲೆ ಕೇಳಿದರೆ ಕುರಿಯೇ ನಾಚಿಕೊಳ್ಳಬೇಕು. ಗ್ಯಾಸು, ಬಾಡಿಗೆ, ಸಂಬಳ ಎಲ್ಲ ಕಳೆದ ಮೇಲೆ ಹನ್ನೊಂದು ಪೌಂಡಿನ ಒಂದು ಬಟ್ಟಲು ಚಿಕನ್ ಟಿಕ್ಕಾ ಮಸಾಲಾದಲ್ಲಿ ರುಶ್ನಾಳ ಕೈಗೆ ಉಳಿಯುತ್ತಿದ್ದುದು ಎಂಬತ್ತು ಪೆನ್ನಿ.

ಹೀಗಿರುವಾಗ ಬರೀ ಬೇಳೆಸಾರು, ಅನ್ನ ತರಿಸಿಕೊಂಡು ಒಂದು ಗಂಟೆ ಕೂರುವ ಗಿರಾಕಿಯನ್ನು ಯಾವ ಹೋಟೆಲಿನವಳು ತಾನೇ ಇಷ್ಟಪಟ್ಟಾಳು?

ಆದರೆ ರುಶ್ನಾಳ ಎದೆ ಧಸಕ್ಕೆಂದದ್ದು ಅದಕ್ಕಲ್ಲ. ಅವನು ಕೇಳಿದ ಪ್ರಶ್ನೆಗೆ.

"ಒಂದು ವಿಷಯ ಕೇಳ್ಲಾ? ಇವತ್ತು ನಿಮ್ಮ ಅಡುಗೆಯವರು ಏನು ತಿಂದ್ರು?"

ನೀರಿನ ಜಗ್ಗು ಅವಳ ಕೈಯಲ್ಲೇ ನಿಂತಿತು.

"ಯಾಕೆ?"

"ಸುಮ್ನೆ... ಎಷ್ಟು ಜನ ಕೂತು ಊಟ ಮಾಡ್ತೀರಿ ಒಳಗೆ?"

ಅವನ ಕಣ್ಣುಗಳು ಸೌಮ್ಯವಾಗಿದ್ದವು. ಧ್ವನಿಯೂ ಅಷ್ಟೇ. ಮಾತು ಅಚ್ಚ ಸಿಲೆಟ್ ಕಡೆಯದು, ಅವಳ ಅಪ್ಪ ಆಡುತ್ತಿದ್ದಂಥದ್ದು. ಅದೇ ಅವಳಿಗೆ ಇನ್ನಷ್ಟು ಭಯ ಹುಟ್ಟಿಸಿತು.

"ನಾವು ಊಟಾನೇ ಮಾಡಲ್ಲ," ಎಂದಳು ರುಶ್ನಾ. "ಗಾಳಿ ಕುಡ್ಕೊಂಡು ಬದುಕ್ತೀವಿ. ಬೇರೆ ಏನಾದ್ರೂ ಬೇಕಾ?"

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬಿತ್ತು.

'ನೋಡಬೇಡ ರುಶ್ನಾ... ಗುಳಿ ನೋಡಬೇಡ!' ಎಂದು ತನ್ನನ್ನೇ ಗದರಿಕೊಂಡು ಅವಳು ಅಡುಗೆಮನೆಗೆ ನುಗ್ಗಿದಳು.

ಲಂಡನ್ನಿನ ದಕ್ಷಿಣದ ಅಂಚಿನಲ್ಲಿ, ಚೀಮ್ ಎಂಬ ಆ ಬಡಾವಣೆಯಲ್ಲಿ 'ಮೊಘಲ್ ಗಾರ್ಡನ್' ಅವಳ ಅಪ್ಪ ಕಟ್ಟಿದ ಹೋಟೆಲು. 'ಇಂಡಿಯನ್ ರೆಸ್ಟೋರೆಂಟ್' ಎಂದು ಬೋರ್ಡಿತ್ತು. ಆ ಬೋರ್ಡಿನ ಕೆಳಗೆ ದುಡಿಯುವವರಲ್ಲಿ ಇಂಡಿಯಾ ನೋಡಿದವರು ಒಬ್ಬರೂ ಇರಲಿಲ್ಲ. ಎಲ್ಲರೂ ಬಾಂಗ್ಲಾದೇಶದ ಸಿಲೆಟ್‌ನವರು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ರುಶ್ನಾಳ ಹೆಗಲಿಗೆ ಬಿತ್ತು. ಅಂಗಡಿಯ ಪ್ರಾಣ ಮಾತ್ರ ಸೊಮುಜ್ ಚಾಚಾನ ಕೈಯಲ್ಲಿತ್ತು. ಅವರೇ ಮುಖ್ಯ ಅಡುಗೆಯವರು.

ಆ ಚಾಚಾನ ವೀಸಾ ಅವಧಿ ಮುಗಿದಿತ್ತು. ಹೊಸದಕ್ಕೆ ಅರ್ಜಿ ಹೋಗಿತ್ತು, ಉತ್ತರ ಬಂದಿರಲಿಲ್ಲ. ಅಲ್ಲಿಯವರೆಗೆ ಕೆಲಸ ಮಾಡಬಹುದು ಎಂದು ವಕೀಲರು ಹೇಳಿದ್ದರು. ಆದರೆ ಮೂರು ತಿಂಗಳ ಹಿಂದೆ ಪಕ್ಕದ ಎಪ್ಸಮ್‌ನ ಒಂದು ಹೋಟೆಲಿಗೆ ವಲಸೆ ಇಲಾಖೆಯ ಅಧಿಕಾರಿಗಳು ನುಗ್ಗಿದ್ದರು. ಕಾಗದಪತ್ರ ಸರಿಯಿದೆ ಎಂದು ಸಾಬೀತಾಗುವಷ್ಟರಲ್ಲಿ ಹದಿನೈದು ದಿನ ಬಾಗಿಲು ಮುಚ್ಚಿತ್ತು. ಗಿರಾಕಿಗಳು ಬೇರೆ ಕಡೆ ಹೊರಟುಹೋದರು. ಈಗ ಅಲ್ಲಿ ಹೇರ್ ಸಲೂನಿದೆ.

"ಎಷ್ಟು ಜನ ಇದ್ದೀರಿ ಅಂತ ಕೇಳಿದ್ನಾ?" ಅವಳನ್ನು ಅಕ್ಕನೆಂದೇ ಕರೆಯುವ, ಕೌಂಟರು ನೋಡಿಕೊಳ್ಳುವ ತೊಫಾಯಿಲ್ ಕಣ್ಣರಳಿಸಿದ. "ಆಪಾ, ಮುಗೀತು! ಎಪ್ಸಮ್‌ನಲ್ಲೂ ಮೊದ್ಲು ಒಬ್ಬ ಬಂದು ಇದನ್ನೇ ಕೇಳಿದ್ನಂತೆ."

"ನೋಡಿದ್ರೆ ನಮ್ಮವನ ಥರಾನೇ ಇದ್ದಾನಲ್ಲೋ..."

"ಈಗ ನಮ್ಮವರನ್ನೇ ಕಳಿಸ್ತಾರೆ ಆಪಾ. ಬಿಳಿಯರು ಬಂದ್ರೆ ನಾವು ಹುಷಾರಾಗಿಬಿಡ್ತೀವಿ ಅಂತ ಅವರಿಗೂ ಗೊತ್ತು."

ರುಶ್ನಾ ಗ್ಯಾಸು ಸಣ್ಣದು ಮಾಡಿದಳು. "ಚಾಚಾ, ನೀವು ಮೇಲೆ ಹೋಗಿ ಕೂತ್ಕೊಳ್ಳಿ."

"ಮೇಲೆ ಹೀಟರ್ ಕೆಟ್ಟಿದೆ ಮಗಳೇ! ಹೆಪ್ಪುಗಟ್ಟಿ ಹೋಗ್ತೀನಿ."

"ಇಲ್ಲಿದ್ರೆ ವಿಮಾನ ಹತ್ತಿಸ್ತಾರೆ. ಯಾವುದು ಬೇಕು?"

ಚಾಚಾ ಗೊಣಗುತ್ತಾ, ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿದರು.

ಆ ದಿನ ಬುಧವಾರ. ಮುಂದಿನ ಬುಧವಾರವೂ ಆರು ಗಂಟೆಗೆ ಸರಿಯಾಗಿ ಅವನು ಬಂದ!

ಈ ಸಲ ರುಶ್ನಾ ತಾನೇ ಅವನ ಮೇಜಿಗೆ ಹೋದಳು. ಕಳ್ಳನನ್ನು ದೂರದಿಂದ ನೋಡುವುದಕ್ಕಿಂತ ಹತ್ತಿರ ಕೂರಿಸಿಕೊಳ್ಳುವುದು ಒಳ್ಳೆಯದು ಎಂದು ಅವಳ ಲೆಕ್ಕ.

"ಹೆಸರು?"

"ಇಮ್ದಾದ್. ನಿಮ್ದು?"

"ಪ್ರಶ್ನೆ ನಾನು ಕೇಳ್ತೀನಿ. ಕೆಲಸ?"

"ಲಿಫ್ಟ್ ರಿಪೇರಿ."

'ಲಿಫ್ಟಾ? ಈ ಚೀಮ್‌ನಲ್ಲಿ ಎರಡು ಮಹಡಿ ದಾಟಿದ ಮನೆ ಎಲ್ಲಿದೆ? ಸುಳ್ಳು ಹೇಳೋದಾದ್ರೆ ನೆಟ್ಟಗಾದ್ರೂ ಹೇಳಬಾರದಾ...'

ಇಮ್ದಾದ್ ಮೂಗು ಅರಳಿಸಿ ಅಡುಗೆಮನೆಯ ಬಾಗಿಲ ಕಡೆ ತಿರುಗಿದ. "ಒಳಗೆ ಸಾತ್ಕೊರಾ ಹಾಕಿ ಮೀನು ಮಾಡಿದ್ದೀರಿ ಅಲ್ವಾ? ಮೆನುವಿನಲ್ಲಿ ಇಲ್ವಲ್ಲ ಅದು."

ಸಾತ್ಕೊರಾ ಎಂದರೆ ಸಿಲೆಟ್‌ನ ಒಗರು ನಿಂಬೆ. ಅಡುಗೆಯವರ ಊಟಕ್ಕೆ ಚಾಚಾ ಆ ಮಧ್ಯಾಹ್ನವೇ ಮಾಡಿಟ್ಟದ್ದು. ರುಶ್ನಾ ಕಣ್ಣು ಮಿಟುಕಿಸಲಿಲ್ಲ.

"ಅದು ಪಾತ್ರೆ ತೊಳೆಯೋ ಲಿಕ್ವಿಡ್. ನಿಂಬೆ ವಾಸನೇದು."

"ಓಹೋ! ಪಾತ್ರೆ ತೊಳೆಯೋ ಲಿಕ್ವಿಡ್‌ಗೆ ಮೆಂತ್ಯದ ಒಗ್ಗರಣೆ ಬೇರೆ ಕೊಡ್ತೀರಾ?"

ಅವಳಿಗೆ ನಗು ಬಂದೇಬಿಟ್ಟಿತು. ತುಟಿ ಕಚ್ಚಿ ತಡೆದಳು. ತಡೆದದ್ದು ಅವನಿಗೆ ಕಂಡಿತು. ಅವನಿಗೆ ಕಂಡದ್ದು ಅವಳಿಗೂ ತಿಳಿಯಿತು...

ಆಗಲೇ ತೊಫಾಯಿಲ್ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಆಪಾ, ಹೊರಗೆ ನೋಡಿ. ರಸ್ತೆ ಆಚೆ ಬೂದು ಬಣ್ಣದ ಕಾರು. ಅದರಲ್ಲಿ ಇನ್ನೊಬ್ಬ ಕೂತಿದ್ದಾನೆ! ಟೋಪಿ ಹಾಕ್ಕೊಂಡು ನಮ್ಮ ಬಾಗಿಲನ್ನೇ ನೋಡ್ತಿದ್ದಾನೆ. ಹೋದ ಬುಧವಾರನೂ ಇದ್ದ!"

ಅವಳ ನಗು ಆರಿತು.

ಮೂರನೆಯ ಬುಧವಾರ ಇಮ್ದಾದ್ ಒಂದು ತುತ್ತು ತಿಂದವನೇ ಚಮಚ ಇಟ್ಟ. "ಬುಧವಾರ ಇಲ್ಲಿ ಕೈ ಬದಲಾಗುತ್ತಾ? ಶನಿವಾರ ಪಾರ್ಸಲ್ ತಗೊಂಡಿದ್ದೆ, ಅದ್ಭುತವಾಗಿತ್ತು. ಇದು... ಬೇರೆ ಯಾರೋ ಮಾಡಿದ್ದು."

ಮಾಡಿದ್ದು ತೊಫಾಯಿಲ್. ಚಾಚಾ ಮಹಡಿಯ ಮೇಲೆ ಎರಡು ಕಂಬಳಿ ಹೊದ್ದು ಕೂತಿದ್ದರು.

'ಶನಿವಾರದ ಗದ್ದಲದಲ್ಲೂ ಬಂದಿದ್ದಾನೆ! ನಮಗೆ ಗೊತ್ತಿಲ್ಲದ ಹಾಗೆ!'

ಆದರೂ ಆ ರಾತ್ರಿ ಬೀಗ ಹಾಕುವಾಗ ಅವಳಿಗೆ ನೆನಪಾದದ್ದು ಅವನ ಪ್ರಶ್ನೆಯಲ್ಲ, ಹೊರಡುವಾಗ ಅವನು ಹೇಳಿದ ಮಾತು. "ನೀವು ದಿನವಿಡೀ ನಿಂತೇ ಇರ್ತೀರಲ್ಲ... ಕಾಲು ನೋಯಲ್ವಾ?" ಅಪ್ಪ ಹೋದ ಮೇಲೆ ಇದನ್ನು ಅವಳನ್ನು ಯಾರೂ ಕೇಳಿರಲಿಲ್ಲ.

ಮೆತ್ತಗೆ ಮಾತಾಡುವವರನ್ನು ಅವಳು ಮೊದಲೂ ನಂಬಿದ್ದಳು. ನಿಶ್ಚಿತಾರ್ಥದವರೆಗೆ ಬಂದಿದ್ದ ಒಬ್ಬ ಹೀಗೇ ಕಾಲಿನ ನೋವು, ಕಣ್ಣಿನ ನಿದ್ದೆ ಎಲ್ಲ ವಿಚಾರಿಸಿದ್ದ. ಕೊನೆಗೆ ನೋಡಿದರೆ ಅವನಿಗೆ ಬೇಕಾಗಿದ್ದುದು ಅಂಗಡಿಯ ಗುತ್ತಿಗೆ. ಅವನ ಮಾವ ಅಲ್ಲಿ ಪಿಜ್ಜಾ ಅಂಗಡಿ ತೆರೆಯುವವನಿದ್ದ!

ನಾಲ್ಕನೆಯ ಬುಧವಾರ ಮಧ್ಯಾಹ್ನ ಕ್ರಾಯ್ಡನ್‌ನಲ್ಲಿ ಹೋಟೆಲು ನಡೆಸುವ ಗೆಳತಿ ಲುತ್ಫಾ ಫೋನ್ ಮಾಡಿದಳು.

"ಗುಳಿ ಬೀಳೋ ಕೆನ್ನೆಯವನು ತಾನೇ? ಅಯ್ಯೋ, ಇಲ್ಲಿಗೂ ಬಂದಿದ್ದ ಕಣೇ! ಅಡುಗೆಯವರು ಏನು ತಿಂತಾರೆ ಅಂದ. ಎಪ್ಸಮ್‌ನವರ ಹತ್ರಾನೂ ಕೇಳಿದ್ನಂತೆ, ಅವರ ಬಾಗಿಲು ಮುಚ್ಚೋಕೆ ಒಂದು ವಾರ ಮುಂಚೆ."

ಹಾಗಾದರೆ ನಿಜ. ಎಲ್ಲವೂ ನಿಜ. ನೋವೇನೆಂದರೆ... ಸುಳ್ಳಾಗಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಿದ್ದಳು.

ಸಂಜೆ ಆರಕ್ಕೆ ಬಾಗಿಲ ಗಂಟೆ ಸದ್ದಾಯಿತು.

"ಕೂರಬೇಡಿ," ಎಂದಳು.

ಇಮ್ದಾದ್ ಎಳೆದ ಕುರ್ಚಿಯನ್ನು ಹಾಗೇ ಹಿಡಿದು ನಿಂತ. "ಏನಾಯ್ತು?"

"ಎಪ್ಸಮ್ ಆಯ್ತು. ಕ್ರಾಯ್ಡನ್ ಆಯ್ತು. ಈಗ ನಮ್ಮ ಸರದಿನಾ? ಹಿಡೀಬೇಕು ಅಂದ್ರೆ ನೆಟ್ಟಗೆ ಬಂದು ಹಿಡೀರಿ! ಹೀಗೆ ನಗ್ತಾ ನಗ್ತಾ, ಕಾಲು ನೋಯುತ್ತಾ ಅಂತ ಕೇಳ್ತಾ ಬರಬೇಡಿ. ನಮ್ಮ ಚಾಚಾನ ಕಾಗದ ಸರಿಯಾಗೇ ಇದೆ. ಹೋಗಿ ನಿಮ್ಮ ಸಾಹೇಬ್ರಿಗೆ ಹೇಳಿ!"

"ಯಾವ ಸಾಹೇಬ್ರು?"

"ಕಾರಲ್ಲಿ ಕೂತಿದ್ದಾರಲ್ಲ, ಟೋಪಿ ಹಾಕ್ಕೊಂಡು! ನೀವು ಹೇಳಲ್ವಾ? ನಾನೇ ಹೇಳ್ತೀನಿ."

ಬಿಲ್ಲಿನ ಮೇಲೆ ಓದಿಕೊಂಡಿದ್ದ ಹೆಸರು ಹಿಡಿದು ಅವನು "ರುಶ್ನಾ, ಒಂದು ನಿಮಿಷ!" ಎನ್ನುವಷ್ಟರಲ್ಲಿ ಅವಳು ಏಪ್ರನ್‌ನಲ್ಲೇ ರಸ್ತೆ ದಾಟಿದ್ದಳು. ಬೂದು ಕಾರಿನ ಗಾಜನ್ನು ಬೆರಳಗಂಟಿನಿಂದ ಬಡಿದಳು.

ಗಾಜು ನಿಧಾನವಾಗಿ ಇಳಿಯಿತು. ಒಳಗೆ ಉಣ್ಣೆಯ ಟೋಪಿಯ ಒಬ್ಬ ಮುದುಕ. ಮಡಿಲಲ್ಲಿ ಚಹಾದ ಫ್ಲಾಸ್ಕು. ಕೈಯಲ್ಲಿ ಅರ್ಧ ತಿಂದ ಒಣ ಬ್ರೆಡ್ಡು.

ಬಯ್ಯಲೆಂದು ಬಾಯಿ ತೆರೆದವಳು ಅಂಗಿಯ ತೋಳು ಮೇಲೆ ಸರಿದಿದ್ದ ಅವರ ಮುಂಗೈ ನೋಡಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಹಳೆಯ ಸುಟ್ಟ ಗೆರೆಗಳು, ಏಣಿಯ ಮೆಟ್ಟಿಲುಗಳ ಹಾಗೆ. ಸೊಮುಜ್ ಚಾಚಾನ ಕೈಯಲ್ಲೂ ಅವೇ ಇವೆ. ದಿನಾ ತಂದೂರಿನ ಬಾಯೊಳಗೆ ಕೈ ಹಾಕಿ ನಾನ್ ರೊಟ್ಟಿ ತೆಗೆಯುವವರಿಗೆ ಮಾತ್ರ ಬೀಳುವ ಗುರುತು. ಯಾವ ಅಧಿಕಾರಿಯ ಕೈಗೂ ಅದು ಬೀಳುವುದಿಲ್ಲ.

"ಮಗಳೇ," ಎಂದರು ಮುದುಕರು, ಅವಳ ಏಪ್ರನ್ ಕಡೆ ಮೂಗು ಅರಳಿಸಿ. "ಇವತ್ತೂ ಸಾತ್ಕೊರಾ ಮೀನಾ?"

ರುಶ್ನಾ ಬಯ್ಗುಳ ಮರೆತು ತಲೆಯಾಡಿಸಿದಳು.

ಹಿಂದೆ ಓಡಿಬಂದ ಇಮ್ದಾದ್ ಏದುಸಿರು ಬಿಡುತ್ತಿದ್ದ. "ನಮ್ಮ ಅಬ್ಬಾ. ಮೊಕದ್ದುಸ್ ಅಲಿ. ಇಡೀ ಆಯುಸ್ಸು ಇಂಥ ಹೋಟೆಲುಗಳಲ್ಲೇ ಅಡುಗೆ ಮಾಡಿದವರು. ಅಮ್ಮ ಹೋದ ಮೇಲೆ ಬ್ರೆಡ್ಡು, ಚಹಾ ಬಿಟ್ಟು ಬೇರೇನೂ ತಿಂತಿಲ್ಲ. ನನಗೆ ಅಡುಗೆ ಬರಲ್ಲ, ಇವರ ಮೊಣಕಾಲು ನಿಲ್ಲಲ್ಲ. ಹೋಟೆಲಿಗೆ ಹೋಗೋಣ ಅಂದ್ರೆ..."

"ಹೋಟೆಲಿನದು ನಾನು ತಿನ್ನಲ್ಲ!" ಮುದುಕರು ನಡುವೆ ಬಾಯಿ ಹಾಕಿದರು. "ಒಂದೇ ಹಂಡೆ ಗ್ರೇವಿ. ಕೆನೆ ಸುರಿದ್ರೆ ಕೊರ್ಮಾ, ಖಾರ ಸುರಿದ್ರೆ ವಿಂದಾಲೂ. ಸುರಿದವನು ನಾನು, ನನಗೆ ಗೊತ್ತಿಲ್ವಾ? ಒಳ್ಳೆ ಹೋಟೆಲು ಅಂದ್ರೆ ಅಡುಗೆಯವರಿಗೆ ಚೆನ್ನಾಗಿ ಉಣಿಸೋ ಹೋಟೆಲು. ಮೊದ್ಲು ಅದನ್ನ ವಿಚಾರಿಸ್ಕೊಂಡು ಬಾ, ಆಮೇಲೆ ಕಾರಿಂದ ಇಳೀತೀನಿ ಅಂದೆ."

"ಹೋದಲ್ಲೆಲ್ಲ ಆಚೆಗೆ ಅಟ್ಟಿದ್ರು," ಎಂದ ಇಮ್ದಾದ್. "ಯಾಕೆ ಅಂತ ಈಗ ಗೊತ್ತಾಯ್ತು."

ರುಶ್ನಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಕಾರಿನ ಬಾಗಿಲು ತೆರೆದು ಕೈ ನೀಡಿದಳು. "ಇಳೀರಿ ಅಬ್ಬಾ. ಮೀನು ಆರಿಹೋಗುತ್ತೆ."

ಮುದುಕರು ಕೋಲೂರಿ ರಸ್ತೆ ದಾಟಿದರು. ದಾಟಿದವರೇ ನೇರವಾಗಿ ಪಕ್ಕದ ಸಂದಿಗೆ ತಿರುಗಿ, ಕಸದ ಡಬ್ಬಿಗಳ ನಡುವೆ ಹಿಂಬಾಗಿಲ ಕಡೆ ಹೊರಟರು.

"ಅಬ್ಬಾ, ಎಲ್ಲಿಗೆ?"

"ಒಳಗೆ ಹೋಗೋದು ಇದೇ ಕಡೆ ಅಲ್ವಾ?"

ಜೀವನವಿಡೀ ಅವರು ಹೋಟೆಲುಗಳ ಹಿಂಬಾಗಿಲಿನಿಂದಲೇ ಒಳಗೆ ಹೋದವರು. ಕಾಲುಗಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಇಮ್ದಾದ್ ಮುಖ ತಿರುಗಿಸಿಕೊಂಡ.

ರುಶ್ನಾ ಮುದುಕರ ತೋಳು ಹಿಡಿದಳು. "ಇವತ್ತು ಮುಂಬಾಗಿಲು."

ಕಿಟಕಿಯ ಪಕ್ಕದ, ಬಿಳಿ ಬಟ್ಟೆ ಹಾಸಿದ ಮೇಜಿಗೆ ಕರೆದೊಯ್ದು ಕುರ್ಚಿ ಎಳೆದಳು. ಮಡಿಸಿಟ್ಟ ನ್ಯಾಪ್‌ಕಿನ್ನನ್ನು ಅವರು ಮುಟ್ಟಲು ಹೆದರಿದರು. ಅವಳೇ ಬಿಡಿಸಿ ಮಡಿಲ ಮೇಲೆ ಹಾಕಿದಳು. ಕೈ ತೊಳೆಯಲು ಬೋಗುಣಿಯಲ್ಲಿ ಬಿಸಿನೀರು ತಂದಳು. ಬಿಸಿ ಅನ್ನ, ಬೇಳೆ, ಮೇಲೆ ಅಡುಗೆಯವರ ಹಂಡೆಯಿಂದಲೇ ತೆಗೆದ ಮೀನು.

ಮುದುಕರು ಒಂದು ತುತ್ತು ಕಲಸಿದರು. ಬಾಯಿಗಿಟ್ಟು ಕಣ್ಣು ಮುಚ್ಚಿದರು.

ತೊಫಾಯಿಲ್ ಉಸಿರು ಬಿಗಿಹಿಡಿದ. ಇಮ್ದಾದನೂ.

"ಉಪ್ಪು ಸ್ವಲ್ಪ ಕಡಿಮೆ," ಎಂದರು ಮೊಕದ್ದುಸ್ ಅಲಿ.

"ಯಾರದು ಹೇಳಿದ್ದು?" ಮೆಟ್ಟಿಲ ಮೇಲಿಂದ ಗುಡುಗು ಬಂತು. ಕಂಬಳಿ ಹೊದ್ದ ಸೊಮುಜ್ ಚಾಚಾ ಧಡಧಡನೆ ಇಳಿದು ಬಂದರು. "ವಿಮಾನ ಬೇಕಾದ್ರೂ ಹತ್ತಿಸಿ, ನನ್ನ ಉಪ್ಪಿನ ಬಗ್ಗೆ ಮಾತಾಡಬೇಡಿ!"

ಮುದುಕರು ತಲೆಯೆತ್ತದೆ ಇನ್ನೊಂದು ತುತ್ತು ಕಲಸಿದರು. "ಅನ್ನ ಇನ್ನೊಂದು ಸ್ವಲ್ಪ ಹಾಕಿ ಭಾಯ್. ಆಮೇಲೆ ಜಗಳ ಆಡೋಣ."

ಚಾಚಾ ಅವರ ತೋಳಿನ ಸುಟ್ಟ ಗೆರೆಗಳನ್ನು ನೋಡಿದರು. ಕಂಬಳಿ ಬದಿಗಿಟ್ಟು, ತಾವೇ ಅನ್ನ ಬಡಿಸಿ ಎದುರಿಗೆ ಕೂತರು.

ರುಶ್ನಾ ಕೌಂಟರಿನ ಹಿಂದೆ ಹೋಗಿ ಕಣ್ಣು ಒರೆಸಿಕೊಂಡಳು. ಇಮ್ದಾದ್ ಮೆಲ್ಲಗೆ ಹತ್ತಿರ ಬಂದ.

"ಒಂದು ತಪ್ಪು ಒಪ್ಕೋಬೇಕು."

'ಈಗೇನು ಬಂತಪ್ಪಾ...' ಅವಳು ನೀರಿನ ಜಗ್ಗು ಕೈಗೆತ್ತಿಕೊಂಡಳು.

"ಎರಡನೇ ವಾರನೇ ಅಬ್ಬಾ ಒಳಗೆ ಬರೋಕೆ ಒಪ್ಪಿದ್ರು. ನನ್ನ ಶರ್ಟಿಗೆ ಅಂಟಿದ ವಾಸನೆ ನೋಡಿಯೇ 'ಇದೇ ಜಾಗ' ಅಂದ್ರು. ನಾನೇ 'ಇನ್ನೂ ಸರಿಯಾಗಿ ವಿಚಾರಿಸಿಲ್ಲ, ತಡೀರಿ' ಅಂದೆ."

"ಯಾಕೆ?!"

"ಅವರು ಬಂದು ಉಂಡುಬಿಟ್ರೆ ಹುಡುಕಾಟ ಮುಗೀತಲ್ಲ... ಮುಂದಿನ ಬುಧವಾರ ಬರೋಕೆ ನನಗೆ ನೆಪ ಎಲ್ಲಿರುತ್ತೆ?"

ರುಶ್ನಾ ಅವನನ್ನೇ ದಿಟ್ಟಿಸಿದಳು. "ಅಂದ್ರೆ ನಿಮ್ಮ ಆಸೆಗೆ ವಯಸ್ಸಾದವರನ್ನ ಚಳೀಲಿ ಬ್ರೆಡ್ಡು ತಿನ್ನಿಸ್ಕೊಂಡು ಕೂರಿಸಿದ್ರಿ!"

"ನೀವೂ ಒಬ್ಬರನ್ನ ಮಹಡಿ ಮೇಲೆ ಚಳೀಲಿ ಕೂರಿಸಿದ್ರಲ್ಲ, ಕಂಬಳಿ ಹೊದ್ದೇ ಇಳಿದು ಬಂದ್ರು."

"ಅದು ಭಯಕ್ಕೆ!"

"ಇದೂ ಭಯಕ್ಕೇ ರುಶ್ನಾ. ನೀವು ಬೇಡ ಅಂದುಬಿಟ್ರೆ ಅನ್ನೋ ಭಯ."

ಅವಳು ತಲೆ ತಗ್ಗಿಸಿದಳು. ಅವನು ಅವಳ ಕೈಯ ಜಗ್ಗನ್ನು ತೆಗೆದು ಪಕ್ಕಕ್ಕಿಟ್ಟ. ಕೈಯನ್ನು ಮಾತ್ರ ಬಿಡಲಿಲ್ಲ.

"ಕಾಲು ನೋಯುತ್ತೆ," ಎಂದಳು ರುಶ್ನಾ ಪಿಸುದನಿಯಲ್ಲಿ.

"ಏನು?"

"ಅವತ್ತು ಕೇಳಿದ್ರಲ್ಲ. ನೋಯುತ್ತೆ. ದಿನಾ ನೋಯುತ್ತೆ."

ಇಮ್ದಾದ್ ಕುರ್ಚಿಯೊಂದನ್ನು ಅವಳ ಹತ್ತಿರಕ್ಕೆ ಎಳೆದ. ಅವಳು ತನ್ನದೇ ಹೋಟೆಲಿನಲ್ಲಿ, ಅಂಗಡಿ ತೆರೆದಿರುವ ಹೊತ್ತಿನಲ್ಲಿ, ಮೊದಲ ಸಲ ಕೂತಳು.

"ಈಗಲಾದ್ರೂ ಹೇಳಿ," ಎಂದ ಅವನು. "ಎಷ್ಟು ಜನ ಕೂತು ಊಟ ಮಾಡ್ತೀರಿ ಒಳಗೆ?"

"ಮೂರು. ನಾಳೆಯಿಂದ ಐದು. ಸಂಜೆ ನಾಲ್ಕೂವರೆಗೆ, ತಡ ಮಾಡಿದ್ರೆ ಮೀನಿನ ತಲೆ ತೊಫಾಯಿಲ್ ಪಾಲು."

ಚಾಚಾನ ವೀಸಾ ಮುಂದಿನ ತಿಂಗಳು ಬಂತು. ಆ ನಾಲ್ಕು ಬುಧವಾರ ತೊಫಾಯಿಲ್‌ನ ಅಡುಗೆ ಉಂಡ ಎರಡು ಇಂಗ್ಲಿಷ್ ಕುಟುಂಬಗಳು ಮಾತ್ರ ಮತ್ತೆ ಬರಲೇ ಇಲ್ಲ. ಅಂಗಡಿಗೆ ಆದ ನಷ್ಟ ಅಷ್ಟು. ರುಶ್ನಾಳಿಗೆ ಸಿಕ್ಕಿದ್ದು ಒಬ್ಬ ಗಂಡ, ಮತ್ತು ದಿನಾ ಉಪ್ಪಿನ ವಿಷಯಕ್ಕೆ ಜಗಳವಾಡುವ ಒಬ್ಬ ಮಾವ.