ತೂತಿಲ್ಲದ ಗೂಡು

ಹಾರದ ತುದಿಯ ರೇಷ್ಮೆಗೂಡೊಂದು ಒದ್ದೆಯಾಗಿತ್ತು.

ಪಕ್ಕದಲ್ಲೇ ರಾಚಮ್ಮನ ಟೀ ಲೋಟ ಇದ್ದುದರಿಂದ ಗಂಗಾಂಬಿಕೆ ಮೊದಲು ರಾಚಮ್ಮನ ಮುಖ ನೋಡಿದಳು. ರಾಚಮ್ಮ ತಾನಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಒದ್ದೆಯ ಜಾಗ ಒಳಗಿನಿಂದ ಬೆರಳಿಟ್ಟು ಒತ್ತಿದ ಹಾಗೆ ಉಬ್ಬಿತು. ರೇಷ್ಮೆಯ ಎಳೆಗಳು ಪಕ್ಕಕ್ಕೆ ಸರಿದು, ಬಿಳಿಯ ರೋಮದ ತಲೆಯೊಂದು ಹೊರಗೆ ಬಂತು. ಚಿಟ್ಟೆ ಹಾರದ ಮೇಲೆ ಹತ್ತಿ ಕುಳಿತು, ಮುದುರಿದ ರೆಕ್ಕೆ ಬಿಡಿಸಿಕೊಂಡು, ಜರಿಯ ಬಿಲ್ಲೆಯ ಮೇಲೆ ಕಂದು ಬಣ್ಣದ ಒಂದು ತೊಟ್ಟು ಬಿಟ್ಟಿತು.

ಭಾನುವಾರ, ಬೆಳಿಗ್ಗೆ ಏಳು ಗಂಟೆ.

ಚಾಮರಾಜನಗರದ ಆ ಛತ್ರವನ್ನು ಅವರು ಒಂದು ದಿನಕ್ಕೆ ಹಿಡಿದಿದ್ದರು. ಗುಂಡ್ಲುಪೇಟೆಯಲ್ಲಿ ಗಂಗಾಂಬಿಕೆಯ ಬಳಿ ಹೊಲಿಗೆ ಕಲಿಯುವ ರಾಚಮ್ಮ ಮತ್ತಿತರ ಹೆಂಗಸರು ಆರು ತಿಂಗಳು ಕೂತು ಮಾಡಿದ ಬಟ್ಟೆ ಚೀಲ, ಕೌದಿ, ಮಕ್ಕಳ ಫ್ರಾಕು, ಕಸೂತಿಯ ದಿಂಬಿನ ಕವರು ಎಲ್ಲವೂ ಮೇಜುಗಳ ಮೇಲೆ ಬಂದಿದ್ದವು. ಮಾರಿ ಬಂದ ಹಣವೆಲ್ಲ ಒಂದು ಹಳೆಯ ವ್ಯಾನಿಗೆ. ಹಂಗಳ, ತೆರಕಣಾಂಬಿ ಕಡೆಯ ಒಂಬತ್ತು ಮಕ್ಕಳು ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಗುಂಡ್ಲುಪೇಟೆಗೆ ಬರಬೇಕು. ಕಾಲಿಗೆ ಪಟ್ಟಿ ಬಿಗಿದ ಮಕ್ಕಳು ಬಸ್ಸಿನ ಮೆಟ್ಟಿಲು ಹತ್ತಲಾರವು. ವ್ಯಾನಿನ ಮಾಲೀಕ ಸೋಮವಾರದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದಿದ್ದ.

ಚೀಲ, ಫ್ರಾಕುಗಳಿಂದ ಅಷ್ಟು ಹುಟ್ಟುವುದಿಲ್ಲ. ಗಂಗಾಂಬಿಕೆ ನಂಬಿದ್ದು ರೇಷ್ಮೆಗೂಡಿನ ಹಾರಗಳನ್ನು. ನಿವೃತ್ತ ಶಿಕ್ಷಕರ ಸನ್ಮಾನಕ್ಕೆಂದು ನೀಲಕಂಠಸ್ವಾಮಿ ಎಂಬ ಹೆಡ್‌ಮಾಸ್ಟರು ಐವತ್ತು ಹಾರ ಹೇಳಿದ್ದರು. ಹನ್ನೊಂದು ಗಂಟೆಗೆ ಬಂದು ಒಯ್ಯುವವರಿದ್ದರು.

ಏಳೂವರೆಯ ಹೊತ್ತಿಗೆ ಹದಿನೇಳು ಹಾರಗಳಲ್ಲಿ ಚಿಟ್ಟೆಗಳಿದ್ದವು. ಅವು ಹಾರಿಹೋಗಲಿಲ್ಲ. ಗಂಡುಗಳು ರೆಕ್ಕೆ ಬಡಿಯುತ್ತ ಹೆಣ್ಣುಗಳ ಸುತ್ತ ತಿರುಗಿ, ನೋಡನೋಡುತ್ತಿದ್ದಂತೆ ಜೋಡಿಯಾಗಿ ಅಂಟಿಕೊಂಡವು.

"ಇವಕ್ಕಿರೋ ಅರ್ಜೆಂಟು ಕೆಲವ್ರಿಗಿಲ್ಲ ಕಣಮ್ಮಿ," ಎಂದಳು ರಾಚಮ್ಮ, ಬಾಗಿಲ ಕಡೆ ನೋಡುತ್ತ.

ಬಾಗಿಲಲ್ಲಿ ಬಸವಪ್ರಸಾದ್ ಬೆಂಚು ಹೊತ್ತು ನಿಂತಿದ್ದ.

ಅವನು ತೆರಕಣಾಂಬಿಯ ರೇಷ್ಮೆ ಬೆಳೆಗಾರ. ಅಣ್ಣ ಮಲ್ಲೇಶನ ಮಗಳು ಶಿವಾನಿಯನ್ನು ಬೈಕಿನಲ್ಲಿ ಮುಂದೆ ಕೂರಿಸಿಕೊಂಡು ಒಂದು ವರ್ಷದಿಂದ ಥೆರಪಿಗೆ ತರುತ್ತಿದ್ದ. ಮಗು ಒಳಗಿರುವ ಮುಕ್ಕಾಲು ಗಂಟೆ ಹೊಲಿಗೆ ತರಗತಿಯ ಕಿಟಕಿಯ ಹೊರಗೆ, ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ. ಗಂಗಾಂಬಿಕೆ ಹೊರಗೆ ನೋಡಿದರೆ ಅವನ ಕಣ್ಣು ಫೋನಿನ ಮೇಲೆ. ಅವಳು ತಲೆ ತಗ್ಗಿಸಿದರೆ, ಮಿಷನ್ನಿನ ಹೊಳೆಯುವ ಚಕ್ರದಲ್ಲಿ ಅವನ ಮುಖ ಈ ಕಡೆ ತಿರುಗುವುದು ಕಾಣುತ್ತಿತ್ತು. ಕೆಲವು ಸಲ ಅವಳು ಅದಕ್ಕೆಂದೇ ತಲೆ ತಗ್ಗಿಸಿದ್ದುಂಟು. ಮೂವತ್ತೆರಡು ದಾಟಿದ ಹೆಣ್ಣು, ಅಷ್ಟಕ್ಕಿಂತ ಮುಂದೆ ಹೋಗಿರಲಿಲ್ಲ.

ಈ ಸಲದ ಗೂಡು ಕೊಟ್ಟವನು ಅವನೇ. ಅವಳು ಹಾರಕ್ಕೆ ಬಳಸುತ್ತಿದ್ದದ್ದು ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯ ತೂತು ಗೂಡು, ಅಂದರೆ ಚಿಟ್ಟೆ ಹೊರಟುಹೋದ ಮೇಲೆ ಉಳಿಯುವ ಖಾಲಿ ಗೂಡು. ಅದು ಈ ಬಾರಿ ಸಿಕ್ಕಿರಲಿಲ್ಲ. ಎಲ್ಲಾದರೂ ಸಿಗುತ್ತದೆಯೇ ಎಂದು ಅವನನ್ನು ಕೇಳಿದ್ದಳು. ಎಂಟು ದಿನದ ಹಿಂದೆ, ಶನಿವಾರ, ಅವನು ಎರಡು ಚೀಲ ತಂದಿಟ್ಟ. ಹಾಲಿನಂಥ ಬಿಳುಪು, ಒಂದು ಕಲೆಯಿಲ್ಲ, ಒಂದು ತೂತಿಲ್ಲ. ಅಲ್ಲಾಡಿಸಿದರೆ ಒಳಗೆ ಏನೋ ಕುಲುಕುತ್ತಿತ್ತು. ಸತ್ತ ಹುಳು ಎಂದುಕೊಂಡು ಹೆಂಗಸರು ಮೇಲ್ಪದರದಲ್ಲೇ ಸೂಜಿ ಹಾಯಿಸಿ ಐವತ್ತೆರಡು ಹಾರ ಕಟ್ಟಿದರು.

ಬಸವಪ್ರಸಾದ್ ಬೆಂಚು ಇಳಿಸಿ ಮೇಜಿನ ಹತ್ತಿರ ಬಂದ. ಹಾರಗಳ ಮೇಲಿನ ಚಿಟ್ಟೆಗಳನ್ನು ಬಗ್ಗಿ ನೋಡಿದ.

"ನೀವು ಹಬೆಗಾಕ್ನಿಲ್ವಾ ಮೇಡಂ?"

"ನೀವು ಹಾಕಿರಲಿಲ್ವಾ?"

ಇಬ್ಬರಿಗೂ ಉತ್ತರ ಸಿಕ್ಕಿತು.

ಜರಿಯ ಬಿಲ್ಲೆಗಳನ್ನು ಮಾಡಿಕೊಟ್ಟಿದ್ದ ನಜೀಮಾ ಆಗಷ್ಟೇ ಬಂದಳು. ಚಾಮರಾಜನಗರದವಳು. ಬಿಲ್ಲೆಗಳನ್ನು ಬಸ್ಸಿಗೆ ಹಾಕಿ ಕಳಿಸಿದ್ದಳು, ಹಾರಗಳನ್ನು ನೋಡುತ್ತಿದ್ದುದು ಇದೇ ಮೊದಲು. ಅವಳ ಮಾವನ ಮನೆಯಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸ ನಡೆಯುತ್ತಿತ್ತು. ಬಾಯಿ ಬಿಡದ ಗೂಡೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನಡೆದದ್ದನ್ನು ಅವಳೇ ಹೇಳಿಬಿಟ್ಟಳು. ಬೆಳೆಗಾರರು ಗೂಡನ್ನು ಜೀವ ಇರುವಾಗಲೇ ಮಾರುತ್ತಾರೆ. ಹುಳುವನ್ನು ಹಬೆಗೆ ಹಾಕಿ ಸಾಯಿಸುವುದು ಕೊಂಡವರ ಕೆಲಸ. ಇಲ್ಲಿ ಕೊಟ್ಟವರು ತೆಗೆದುಕೊಂಡವರನ್ನು ನಂಬಿದರು, ತೆಗೆದುಕೊಂಡವರು ಕೊಟ್ಟವರನ್ನು ನಂಬಿದರು.

ಹಾಳಾದ ಹದಿನೇಳು ಹಾರ ಮೊದಲ ಚೀಲದವು. ಆ ಹುಳುಗಳು ಒಂದು ದಿನ ಮುಂಚೆ ಹಣ್ಣಾಗಿ ಗೂಡು ಕಟ್ಟಿದ್ದವು ಎಂದು ಬಸವಪ್ರಸಾದ್ ಒಪ್ಪಿಕೊಂಡ. ಉಳಿದ ಮೂವತ್ತೈದು ಎರಡನೇ ಚೀಲದವು. ಚಿಟ್ಟೆ ಹೊರಬರುವುದು ಬೆಳಗಿನ ಬೆಳಕಿಗೆ. ಆದ್ದರಿಂದ ಅವು ಇವತ್ತು ಬಾಯಿ ಬಿಡುವುದಿಲ್ಲ, ಬಿಟ್ಟರೆ ನಾಳೆ ಬೆಳಿಗ್ಗೆ.

ವ್ಯಾನಿಗೆ ಹಣ ಕೂಡಿಸುತ್ತಿದ್ದ ಸಮಿತಿಯ ಅಧ್ಯಕ್ಷ ಮಲ್ಲಿಕಾರ್ಜುನಸ್ವಾಮಿ ಇದನ್ನು ಕೇಳಿಸಿಕೊಂಡು ಹತ್ತಿರ ಬಂದರು. ಕೆಟ್ಟವರಲ್ಲ. ಒಂಬತ್ತು ಮಕ್ಕಳ ಮನೆಗೂ ಹೋಗಿ ಮಾತು ಕೊಟ್ಟು ಬಂದವರು.

"ಸನ್ಮಾನ ಸಂಜೆಗೆ ಮುಗೀತದೆ," ಎಂದರು ತಗ್ಗಿದ ದನಿಯಲ್ಲಿ. "ನಾಳೆ ಬೆಳಿಗ್ಗೆ ಏನಾದ್ರೂ ಆದ್ರೆ ಅದು ಅವರವರ ಮನೆ ಗೋಡೆ ಮೇಲೆ. ಮೂವತ್ತೈದನ್ನ ಸುಮ್ನೆ ಕೊಟ್ಬುಡಿ ಗಂಗಮ್ಮಾ."

ಎಲ್ಲರೂ ಅವಳನ್ನು ನೋಡಿದರು.

ಹಾಗೆ ಕೊಟ್ಟರೆ ವ್ಯಾನು ಬರುತ್ತದೆ. ಗೂಡು ಕೊಟ್ಟವನ ಹೆಸರೂ ಹೊರಗೆ ಬರುವುದಿಲ್ಲ. ಮೊದಲನೆಯದಕ್ಕಿಂತ ಎರಡನೆಯದೇ ತನ್ನನ್ನು ಹೆಚ್ಚು ಎಳೆಯುತ್ತಿದೆ ಎಂದು ಗಂಗಾಂಬಿಕೆಗೆ ತಿಳಿದಾಗ ಅವಳಿಗೆ ಭಯವಾಯಿತು. ಅವನ ಕಡೆ ನೋಡದೆ ಹೇಳಿದಳು:

"ಕೊಡಲ್ಲ. ಬೇಯಿಸಿ ನೋಡೋಣ. ಹಾಳಾದ್ರೆ ಇಲ್ಲೇ ಹಾಳಾಗ್ಲಿ."

ಹಾಳಾಗುವ ಸಂಭವ ಇತ್ತು. ಜೋರು ಹಬೆಯಲ್ಲಿ ಅರ್ಧ ಗಂಟೆ ಇಡಬೇಕು ಎಂದಳು ನಜೀಮಾ. ಗೂಡಿಗೆ ಏನೂ ಆಗುವುದಿಲ್ಲ, ಆದರೆ ಬಿಲ್ಲೆಗಳನ್ನು ಅಂಟಿಸಿರುವುದು ಗೋಂದಿನಲ್ಲಿ. ಛತ್ರದ ಅಡುಗೆಯವರು ಇಡ್ಲಿ ಪಾತ್ರೆ ಕೊಡಲಾರೆ, ಆಮೇಲೆ ಅದನ್ನು ಎಸೆಯಬೇಕಾಗುತ್ತದೆ ಎಂದು ಸಮಾಧಾನವಾಗಿಯೇ ಹೇಳಿದರು. ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಎರಡು ಹಂಡೆಗಳಿದ್ದವು. ಸೌದೆ ಬಂತು. ಬಿದಿರಿನ ಬುಟ್ಟಿಗಳಲ್ಲಿ ಹಾರಗಳು ಬಂದವು. ನೀರು ಕುದಿಯಿತು.

ಅಲ್ಲಿಗೆ ಎಲ್ಲರ ಕೈ ನಿಂತಿತು. ಗಂಗಾಂಬಿಕೆ ಬಸವಪ್ರಸಾದನನ್ನು ನೋಡಿದಳು. ಅವನು ನಜೀಮಾಳನ್ನು ನೋಡಿದ. ರಾಚಮ್ಮನೂ ನೋಡಿದಳು.

ನಜೀಮಾ ಕೈ ಕಟ್ಟಿಕೊಂಡಳು.

"ಸೊಪ್ಪು ಹಾಕಿ ಸಾಕೋರು ನೀವು. ಹಾರ ಕಟ್ಟೋರು ನೀವು. ಸಾಯ್ಸೋ ಕೆಲಸ ಮಾತ್ರ ಯಾವಾಗ್ಲೂ ನಮ್ಮ ಕೈಗೆ. ಮಾಡ್ತೀನಿ, ನಂಗೇನು ಹೊಸದಲ್ಲ. ಆದ್ರೆ ಹಂಗೆ ನೋಡ್ಬೇಡಿ ನನ್ನ."

ಹದಿನೈದು ವರ್ಷ ಹುಳು ಸಾಕಿದ್ದ ಬಸವಪ್ರಸಾದ್ ಒಂದು ಗೂಡನ್ನೂ ಹಬೆಗೆ ಹಾಕಿದವನಲ್ಲ. ಅವನು ಮುಂದೆ ಬಂದು ಬುಟ್ಟಿ ಎತ್ತಿಕೊಂಡ.

"ಏಳ್ಕೊಡಕ್ಕ. ನಾನೇ ಇಡ್ತೀನಿ."

ಎಷ್ಟು ಎತ್ತರದಲ್ಲಿ ಇಡಬೇಕು, ಒದ್ದೆ ಗೋಣಿತಾಟನ್ನು ಹೇಗೆ ಬಿಗಿಯಬೇಕು ಎಂದು ನಜೀಮಾ ತೋರಿಸಿದಳು. ಮೊದಲ ಬುಟ್ಟಿಯನ್ನು ಅವನು ಎರಡು ಸಲ ಎತ್ತಿ ಇಟ್ಟ. ಎರಡನೆಯದನ್ನು ಒಂದೇ ಸಲಕ್ಕೆ ಇಟ್ಟ. ನಜೀಮಾ ಅವನನ್ನೊಮ್ಮೆ ನೋಡಿ, ಒಳಗೆ ಮಾರಾಟ ಶುರುವಾಗಿದೆ ಎಂದು ಉಳಿದವರನ್ನು ಕರೆದುಕೊಂಡು ಹೋದಳು.

ಹಿತ್ತಲಲ್ಲಿ ಇಬ್ಬರೇ ಉಳಿದರು. ಗಂಗಾಂಬಿಕೆ ಒಲೆಗೆ ಸೌದೆ ತಳ್ಳಿದಳು.

"ನಾನು ಕೇಳಿದ್ದು ತೂತು ಗೂಡು," ಎಂದಳು. "ಮಾರ್ಕೆಟ್ಟಿಗೆ ಹೋಗೋ ಗೂಡು ಯಾಕೆ ತಂದ್ರಿ?"

ಅವನು ಗೋಣಿಯ ಅಂಚನ್ನು ಒತ್ತುತ್ತಲೇ ಇದ್ದ. ಒತ್ತುವ ಅಗತ್ಯ ಇರಲಿಲ್ಲ.

"ನೀವು ಹೊಲಿಯೋದು ಅಂದ್ರಲ್ಲ. ತೂತಿರೋದನ್ನ ನಿಮ್ ಕೈಗೆ ಕೊಡಕ್ಕೆ ಮನ್ಸು ಬರ್ನಿಲ್ಲ."

ಹಬೆ ಇಬ್ಬರ ನಡುವೆ ಏರಿತು. ಅದರಾಚೆ ಅವನ ಮುಖ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಈ ಸಲ ಅವನು ಕಣ್ಣು ತಗ್ಗಿಸಲಿಲ್ಲ. ಅವಳಿಗೇ ತಗ್ಗಿಸಬೇಕಾಯಿತು.

"ಒಂದು ವರ್ಷ ಕಿಟಕಿ ಹೊರಗೆ ಕೂತಿದ್ರಿ. ಇಷ್ಟು ಹೇಳಕ್ಕೆ ಎರಡು ಚೀಲ ಗೂಡು ಬೇಕಾಯ್ತಾ?"

"ಬಾಯಲ್ಲಿ ಕೇಳಿದ್ರೆ ನೀವು ಇಲ್ಲ ಅನ್ಬೋದಿತ್ತು. ಗೂಡು ತಂದ್ರೆ ಇಲ್ಲ ಅನ್ನಕ್ಕಿಲ್ಲ ಅಂತ."

"ಮೊದ್ಲು ಹಾರ ಉಳೀಲಿ," ಎಂದಳು. ಉತ್ತರ ಅಷ್ಟೇ. ಆದರೆ ಎದ್ದು ಹೋಗಲಿಲ್ಲ.

ಎರಡು ಸರದಿ ಮುಗಿದಾಗ ಒಂಬತ್ತೂಮುಕ್ಕಾಲು. ಗೋಣಿ ತೆಗೆದಾಗ ಗೂಡುಗಳೆಲ್ಲ ಬೆಳ್ಳಗೆ, ಇಡಿಯಾಗಿ ಇದ್ದವು. ಬಿಲ್ಲೆಗಳು ಕಳಚಿ ಬುಟ್ಟಿಯ ತಳದಲ್ಲಿ ಬಿದ್ದಿದ್ದವು, ಒಂದೂ ಬಿಡದೆ.

ಚಾಪೆ ಹಾಸಿ ಹಾರಗಳನ್ನು ಬಿಸಿಲಿಗೆ ಹರಡಿದರು. ಒಣಗುತ್ತಿದ್ದಂತೆ ಅಲ್ಲೇ ಕೂತು ಬಿಲ್ಲೆಗಳನ್ನು ಹೊಲಿಯತೊಡಗಿದರು. ಗೋಂದಿನ ಮಾತನ್ನು ಯಾರೂ ಎತ್ತಲಿಲ್ಲ. ಬಸವಪ್ರಸಾದನಿಗೆ ಸೂಜಿಗಳಿಗೆ ದಾರ ಪೋಣಿಸುವ ಕೆಲಸ ಕೊಟ್ಟರು. ಮೊದಲ ಸೂಜಿಯ ಜೊತೆ ಅವನು ಅಷ್ಟು ಹೊತ್ತು ಹೋರಾಡುವುದನ್ನು ನೋಡಲಾರದೆ ಗಂಗಾಂಬಿಕೆ ಅವನ ಕೈಯಿಂದ ಅದನ್ನು ತೆಗೆದುಕೊಂಡಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಒಂದೇ ಸಲಕ್ಕೆ ಪೋಣಿಸಿ ವಾಪಸು ಕೊಟ್ಟಳು. ಕೊಟ್ಟ ಬೆರಳೂ ತೆಗೆದುಕೊಂಡ ಬೆರಳೂ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ಹೊತ್ತು ಆ ಸೂಜಿಯ ಮೇಲಿದ್ದವು. ರಾಚಮ್ಮ ಕೆಮ್ಮಿದಳು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ನೀಲಕಂಠಸ್ವಾಮಿ ಬಂದರು. ಮೂವತ್ಮೂರು ಹಾರ ತಯಾರಾಗಿದ್ದವು. ಇನ್ನೆರಡರ ದಾರ ಹೊಲಿಯುವಾಗ ಕಿತ್ತುಹೋಗಿತ್ತು. ಅವರು ಹಾರ ಮುಟ್ಟುವ ಮೊದಲೇ ಗಂಗಾಂಬಿಕೆ ಎಲ್ಲವನ್ನೂ ಹೇಳಿದಳು. ಚಿಟ್ಟೆಗಳು ಬಂದದ್ದು, ಹಬೆಗೆ ಹಾಕಿದ್ದು, ಒಳಗಿನ ತೇವ ಆರಲು ಹಾರಗಳನ್ನು ಇನ್ನೂ ಎರಡು ದಿನ ಬಿಸಿಲಿಗಿಡಬೇಕಾದದ್ದು.

"ಐವತ್ತು ಕೊಡ್ತೀನಿ ಅಂದಿದ್ದೆ, ಇರೋದು ಮೂವತ್ಮೂರು ಸಾರ್. ಒಳಗೆ ಹುಳು ಇದ್ಯಾ ಅಂತ ಕೇಳಬೇಕಾದೋಳು ನಾನು, ಕೇಳಲಿಲ್ಲ. ತಪ್ಪು ನನ್ನದು."

"ಗೂಡು ಕೊಟ್ಟೋನು ನಾನು ಸಾರ್," ಎಂದ ಬಸವಪ್ರಸಾದ್ ಹಿಂದಿನಿಂದ. "ಏಳ್ದೆ ಇದ್ದೋನೂ ನಾನೇ."

ಹೆಡ್‌ಮಾಸ್ಟರು ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು.

"ಇಬ್ರೂ ನಂದೇ ಅಂದ್ರೆ ನಾನು ಯಾರನ್ನ ಬೆಂಚಿನ ಮೇಲೆ ನಿಲ್ಲಿಸ್ಲಿ?"

ಅವರು ಒಂದು ಹಾರ ಎತ್ತಿ ತಿರುಗಿಸಿ ನೋಡಿದರು, ಮೂಸಿದರು. ಆಮೇಲೆ ಪಕ್ಕದಲ್ಲಿದ್ದ ಕೌದಿಗಳ ಮೇಜಿಗೆ ಹೋದರು. ಮೂವತ್ಮೂರನ್ನು ಒಯ್ಯುವುದಾಗಿ ಅವರು ಹೇಳಿದರು. ಉಳಿದ ಹದಿನೇಳು ಜನರಿಗೆ ಶಾಲಿನ ಬದಲು ಕೌದಿ ಹೊದಿಸುವುದು, ಮೇಷ್ಟ್ರುಗಳ ವಯಸ್ಸಿಗೆ ಅದೇ ಬೆಚ್ಚಗೆ. ಹದಿನೇಳನ್ನು ಆರಿಸಿ ಕಟ್ಟಿಸಿದರು.

ಮೂರು ಗಂಟೆಗೆ ದುಡ್ಡು ಎಣಿಸಿ, ಸಾಲುತ್ತದೆ ಎಂದು ಗೊತ್ತಾದ ಮೇಲೆ ಮಲ್ಲಿಕಾರ್ಜುನಸ್ವಾಮಿ ಹೊರಗೆ ಹೋಗಿ ವ್ಯಾನಿನ ಮಾಲೀಕನಿಗೆ ಫೋನು ಮಾಡಿ, ಬೇರೆಯವರಿಗೆ ಕೊಡಬೇಡಿ ಎಂದು ಹೇಳಿ ಬಂದರು. ಒಳಗೆ ಬಂದವರು ಗಂಗಾಂಬಿಕೆಯ ಎದುರು ನಿಂತು, ಬೆಳಿಗ್ಗೆ ತಾವು ಆಡಿದ ಮಾತನ್ನು ಮರೆತುಬಿಡಬೇಕೆಂದು ಕೇಳಿಕೊಂಡರು.

ಸಂಜೆ ಟೆಂಪೋಗೆ ಸಾಮಾನು ಏರಿಸುವಾಗ ಅವಳು ಬಸವಪ್ರಸಾದನ ಪಕ್ಕಕ್ಕೆ ಬಂದಳು. ಜೀವಂತ ಹುಳು ನೂಲು ಬಿಡುವುದನ್ನು ತಾನು ಇಷ್ಟು ವರ್ಷ ನೋಡೇ ಇಲ್ಲ, ನೋಡಿದ್ದರೆ ಈ ಅವಾಂತರ ಆಗುತ್ತಿರಲಿಲ್ಲ, ಒಂದು ದಿನ ಬಂದು ನೋಡಬಹುದೇ ಎಂದು ಕೇಳಿದಳು.

"ಬೆಳೆ ಇರೋವಾಗ ಹುಳ ಸಾಕೋ ಮನೆಗೆ ಹೊರಗಿನೋರ್ನ ಬುಡಕ್ಕಿಲ್ಲ ಮೇಡಂ," ಎಂದ ಅವನು, ಇದ್ದದ್ದನ್ನು ಇದ್ದ ಹಾಗೆ. "ರೋಗ ಬತ್ತದೆ. ಮನೆಯೋರು ಮಾತ್ರ ಓಗೋದು."

ಹೇಳಿದ ಮೇಲೆ ಅವನ ಕಿವಿ ಕೆಂಪಾಯಿತು.

ಗಂಗಾಂಬಿಕೆ ಕೈಯಲ್ಲಿದ್ದ ಮೇಜುಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದಳು.

"ಹೊಸ ಹುಳು ಯಾವತ್ತು ತರ್ತೀರಿ?"

"ಗುರುವಾರ."

"ಈ ಬೆಳೆ ಆಗಲ್ಲ ಬಿಡಿ. ಅದರ ಮುಂದಿಂದು?"

"ಎರಡು ತಿಂಗ್ಳಿಗೆ."

"ಎರಡು ತಿಂಗಳು ಸಾಕು," ಎಂದಳು. "ಬುಧವಾರ ನಿಮ್ಮಣ್ಣನ್ನ ಕರ್ಕೊಂಡು ನಮ್ಮನೆಗೆ ಬನ್ನಿ. ಅಮ್ಮ ಇರ್ತಾರೆ."

ಡ್ರೈವರು ಹಾರನ್ ಹೊಡೆದ. ಬಸವಪ್ರಸಾದ್ ಹತ್ತಲಿಲ್ಲ. ಅವಳ ಕೈಯಿಂದ ಮಡಚಿದ ಬಟ್ಟೆಯನ್ನು ತೆಗೆದುಕೊಂಡು ಎದೆಗೆ ಹಿಡಿದು ನಿಂತ.

"ಬತ್ತೀವಿ ಗಂಗಾ," ಎಂದ.

ಮೇಡಂ ಅನ್ನಲಿಲ್ಲ. ಅವಳು ತಿದ್ದಲಿಲ್ಲ.