ತಮ್ಮನ ಆರುನೂರ ಹನ್ನೆರಡು ದಿನ

ಜ್ವರದ ಭ್ರಮೆ ಅಂತೀರಿ, ಅನ್ನಿ. ಆದದ್ದನ್ನು ಹೇಳುತ್ತೇನೆ.

ಆನ್‌ಲೈನ್ ಆಟವೊಂದಕ್ಕೆ ಬಹುಮಾನ ಗೊತ್ತುಮಾಡುವುದು ನನ್ನ ಕೆಲಸ. ದಿನಾ ಆಡಿದವರಿಗೆ ದಿನಕ್ಕೊಂದು ಬಹುಮಾನ. ಬೇಕಾದರೆ ಜೊತೆಯವರಿಗೂ ಕೊಡಬಹುದು. ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಆ ನಿಯಮ ನನ್ನದೇ.

"ಜ್ವರ ಬಂದ್ರೂ ಮಾಫಿ ಇಲ್ವಾ? ಎಂಥಾ ಕಲ್ಲು ಮನಸ್ಸೇ ಅಕ್ಕಾ ನಿಂದು!" ಎಂದು ತಮ್ಮ ರೇಗಿಸುತ್ತಿದ್ದ.

ಅವನು ತೀರಿಕೊಂಡ ಮೇಲೆ ಅವನ ಎಣಿಕೆ ಮುರಿಯಲು ನನಗೆ ಮನಸ್ಸಾಗಲಿಲ್ಲ. ಅವನ ಫೋನನ್ನು ಬೀರುವಿನಲ್ಲಿಟ್ಟು, ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಅವನ ಹೆಸರಲ್ಲಿ ಒಂದಾಟ ಆಡುತ್ತಿದ್ದೆ.

ಹೋದ ತಿಂಗಳು ಜ್ವರ ಏರಿ, ಚಳಿಗೆ ಗಡಗಡ ನಡುಗುತ್ತಾ ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಮನೆಯಲ್ಲಿ ನಾನೊಬ್ಬಳೇ, ಬೀಗದಕೈ ನನ್ನ ಪರ್ಸಿನಲ್ಲೇ ಇತ್ತು. ಮೂರನೇ ದಿನ ಮಧ್ಯಾಹ್ನ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬೀರು ತೆಗೆದೆ. ಯಾರೋ ಈಗಷ್ಟೇ ಕೈಯಿಂದ ಕೆಳಗಿಟ್ಟ ಹಾಗೆ ಫೋನು ಬೆಚ್ಚಗಿತ್ತು. ಎಣಿಕೆ ಮುರಿದಿರಲಿಲ್ಲ. ಆರುನೂರ ಹನ್ನೆರಡು. ಅವತ್ತಿನ ಬಹುಮಾನವನ್ನು ಅಕ್ಕನಿಗೆ ಕೊಟ್ಟಾಗಿದೆ ಎಂದಿತ್ತು.

ನನ್ನ ಆಟ ತೆರೆದೆ. ಹಿಮದ ಬೆಟ್ಟದಲ್ಲಿ, ನಾನು ಬಿಟ್ಟುಬಂದಲ್ಲೇ ನಿಂತಿದ್ದ ನನ್ನ ಆಟಗಾರ್ತಿಗೆ ಯಾರೋ ಕುತ್ತಿಗೆಯ ತನಕ ಕಂಬಳಿ ಹೊದಿಸಿದ್ದರು.

ಅವತ್ತಿಗೆ ನಾನಿಟ್ಟಿದ್ದ ಬಹುಮಾನ ಕತ್ತಿ. ಆಟದ ಚಿತ್ರಗಳನ್ನೆಲ್ಲ ಬರೆಯುವ ಹುಡುಗಿಗೆ ಫೋನ್ ಮಾಡಿ ಕೇಳಿದೆ.

"ಕಂಬಳಿನಾ?" ಅಂದಳು. "ನಮ್ಮ ಆಟದಲ್ಲಿ ಕಂಬಳಿ ಎಲ್ಲಿದೆ ಮೇಡಂ? ನಾನು ಬರೆದೇ ಇಲ್ವಲ್ಲ."